ಉಪ್ಪುನೀರಿನ ಕಂಪ್ಯೂಟರ್

ಗುಂಡಿಗಳೇ ಇಲ್ಲದ ಕೀಲಿಮಣೆ ಮಾಡಿದವನ ತಲೆಯಲ್ಲಿ ಮಿದುಳು ಇತ್ತೋ ಹೊಟ್ಟು ಇತ್ತೋ ಎಂದು ನಾನು ಎರಡು ವರ್ಷ ಯೋಚಿಸಿದ್ದೇನೆ. ಅವನ ಹೆಸರು ಚೆಪ್ರೆಗಿ ದೆಜೋ. ಬುಡಾಪೆಸ್ಟಿನ ಯಾವುದೋ ಸಂಶೋಧನಾ ಸಂಸ್ಥೆಯಿಂದ ಕುತ್ತಿಗೆ ಹಿಡಿದು ದಬ್ಬಿಸಿಕೊಂಡು, ನಮ್ಮ ನಾದ್‌ಕೂತ್ ಹಳ್ಳಿಯ ಬೇಸಾಯದ ಸಹಕಾರ ಸಂಘಕ್ಕೆ ಬಂದು ಬಿದ್ದವನು. ಆದರೂ ಕುತ್ತಿಗೆಗೆ ಟೈ ಬಿಡಲಿಲ್ಲ. ಸೌತೆಕಾಯಿಯನ್ನು ಉಪ್ಪುನೀರಿಗೆ ಹಾಕುವ ಶೆಡ್ಡಿನಲ್ಲಿ ಟೈ ಕಟ್ಟಿಕೊಂಡು ಓಡಾಡುತ್ತಿದ್ದವನು ಅವನೊಬ್ಬನೇ.

ಬೇಸಾಯದ ಸಂಘಕ್ಕೂ ಕಂಪ್ಯೂಟರಿಗೂ ಎತ್ತಣಿಂದೆತ್ತ ಸಂಬಂಧ ಅಂತ ನೀವು ಕೇಳಬಹುದು. ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಂದಿ ಸಾಕುವ ಸಂಘ ಪ್ಲಾಸ್ಟಿಕ್ ಬಕೆಟ್ ಮಾಡುತ್ತಿತ್ತು, ಬೀಟ್‌ರೂಟ್ ಬೆಳೆಯುವ ಸಂಘ ದೀಪಕ್ಕೆ ಬಟ್ಟೆಯ ಮುಸುಕು ಹೊಲಿಯುತ್ತಿತ್ತು. ಹೊಲದ ಆದಾಯ ಸಾಲದು, ಚಳಿಗಾಲದಲ್ಲಿ ಕೈಗಳಿಗೆ ಕೆಲಸವಿಲ್ಲ, ಹಾಗಾಗಿ ಸರ್ಕಾರ ನೋಡಿಯೂ ನೋಡದ ಹಾಗೆ ಇತ್ತು. ನಮ್ಮ ಅಧ್ಯಕ್ಷ ಕೊಂದೊರ್ ಅಂಬ್ರುಶ್ ಮಹಾಶಯ ಮಾತ್ರ ಬಕೆಟ್ಟಿಗೆ ಇಳಿಯುವ ಗಿರಾಕಿ ಅಲ್ಲ. ಹೆಂಡತಿಯನ್ನು ಕರೆದುಕೊಂಡು ಫ್ರಿಜ್ ಕೊಳ್ಳಲು ವಿಯೆನ್ನಾಗೆ ಹೋದವನು, ಅಂಗಡಿಯ ಗಾಜಿನ ಹಿಂದೆ ಇಂಗ್ಲಿಷರ ಪುಟ್ಟ ಕಂಪ್ಯೂಟರ್ ನೋಡಿ ಫ್ರಿಜ್ ಮರೆತ. ರೊಟ್ಟಿ ಕೊಯ್ಯುವ ಹಲಗೆಯಷ್ಟು ದೊಡ್ಡದು, ರಬ್ಬರ್ ಗುಂಡಿಗಳು, ಟಿವಿಗೆ ಸಿಕ್ಕಿಸಿದರೆ ಸಾಕು. ಅದನ್ನು ಹೆಂಡತಿಯ ಲಂಗದೊಳಗೆ ಬಚ್ಚಿಟ್ಟು ಗಡಿ ದಾಟಿಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಂಬ್ರುಶ್ ಅದನ್ನು ಹಿಡಿದುಕೊಂಡು ಹಂದಿಗೂಡಿನ ಕಾವಲುಗಾರನಿಗೂ ತೋರಿಸಿ ಬಂದ.

"ಒಳಗೆ ಏನ್ ಮಹಾ ಇದೆ ಕಣಮ್ಮಾ?" ಅಂತ ನನ್ನನ್ನು ಕೇಳಿದ. "ನಾಲ್ಕು ಚಿಪ್, ಒಂದಿಷ್ಟು ತಂತಿ. ನಮ್ಮ ಹೆಂಗಸ್ರು ಜಾಡಿಯೊಳಗೆ ಸೌತೆಕಾಯಿ ಜೋಡಿಸೋದು ನೋಡಿದೀಯಲ್ಲ? ಇದು ಅದಕ್ಕಿಂತ ಸುಲಭ."

"ಹಾಗಾದ್ರೆ ಸೌತೆಕಾಯಿಗೇ ತಂತಿ ಸಿಕ್ಕಿಸಿ ನೋಡಿ ಅಧ್ಯಕ್ಷರೇ," ಅಂದೆ ನಾನು.

ಅವನಿಗೆ ನಗು ಬಂತು. ನನಗೆ ಬರಲಿಲ್ಲ. ನಾನು ಎಟೆಲ್ಕಾ. ಜಿಲ್ಲಾ ಲೆಕ್ಕಕೇಂದ್ರದಲ್ಲಿ ಸಂಬಳದ ಪಟ್ಟಿ ಅಚ್ಚುಹಾಕುವ ದೈತ್ಯ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತ ತುಕ್ಕು ಹಿಡಿಯುತ್ತಿದ್ದವಳನ್ನು ಅಂಬ್ರುಶ್ ಇಲ್ಲಿಗೆ ಎಳೆದುಕೊಂಡು ಬಂದಿದ್ದ. ಚೆಪ್ರೆಗಿ ಯಂತ್ರದ ಮೈ ಕಟ್ಟಬೇಕು, ನಾನು ಅದಕ್ಕೆ ಬುದ್ಧಿ ತುಂಬಬೇಕು. ಹೆಸರು ಮೊದಲೇ ಇಟ್ಟಾಗಿತ್ತು: ರಿಗೋ. ನಮ್ಮಲ್ಲಿ ಬೇಲಿಯ ಮೇಲೆ ಕೂತು ಹಾಡುವ ಕಪ್ಪು ಹಕ್ಕಿಯ ಹೆಸರು. ಹಾಡುವುದಕ್ಕೆ ಒಂದು ಪುಟ್ಟ ಸ್ಪೀಕರ್ ಕೂಡ ಸಿಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೂ ಹೆಸರು ಹಾಗೇ ಉಳಿಯಿತು.

ಇಂಗ್ಲಿಷರ ಯಂತ್ರವನ್ನು ಬಿಚ್ಚಿದಾಗ ಅಂಬ್ರುಶನ ಮುಖ ಬಾಡಿತು. ಆ ಜಾಣರು ಅರ್ಧ ಕೆಲಸವನ್ನು ತಮಗೆಂದೇ ಮಾಡಿಸಿಕೊಂಡ ಒಂದೇ ಕಪ್ಪು ಚಿಪ್ಪಿನೊಳಗೆ ತುಂಬಿಬಿಟ್ಟಿದ್ದರು. ಅದನ್ನು ನಕಲು ಮಾಡುವ ಕಾರ್ಖಾನೆ ನಮ್ಮ ಕಡೆ ಇರಲಿಲ್ಲ, ಕೊಳ್ಳೋಣವೆಂದರೆ ಪಶ್ಚಿಮದವರು ನಮಗೆ ಮಾರುವಂತಿರಲಿಲ್ಲ. ಸಿಕ್ಕಿದ್ದು ಪೂರ್ವ ಜರ್ಮನಿಯ ಎಂಟು ಬಿಟ್ಟಿನ ಪ್ರೊಸೆಸರ್ ಒಂದು. ಚಿತ್ರ ಬಿಡಿಸಲು ಬೇರೆ ಚಿಪ್ ಇಲ್ಲ, ಹಾಗಾಗಿ ಟಿವಿಯ ಮೇಲೆ ಒಂದೊಂದು ಗೆರೆಯನ್ನೂ ಆ ಪ್ರೊಸೆಸರೇ ಎಳೆಯಬೇಕು. ಅಡುಗೆ ಮಾಡುವವಳೇ ಬಡಿಸಲೂ ಬೇಕೆಂದರೆ ಏನಾಗುತ್ತದೆ? ಬಡಿಸುವಾಗ ಒಲೆ ಆರುತ್ತದೆ. ರಿಗೋ ಲೆಕ್ಕ ಮಾಡಲು ಕೂತರೆ ತೆರೆ ಬೆಳ್ಳಗಾಗುತ್ತಿತ್ತು, ತೆರೆ ತೋರಿಸುತ್ತ ಕೂತರೆ ಲೆಕ್ಕ ಆಮೆಯ ಹಾಗೆ ತೆವಳುತ್ತಿತ್ತು. ನೆನಪಿನಲ್ಲಿ ಒಂದು ಸಾಧಾರಣ ಕಥೆಯೂ ಹಿಡಿಸುತ್ತಿರಲಿಲ್ಲ. ಬರೆದದ್ದನ್ನು ಉಳಿಸಿಕೊಳ್ಳಲು ಕ್ಯಾಸೆಟ್ಟಿಗೆ ತುಂಬಬೇಕು, ಆಗ ಟೇಪ್‌ರೆಕಾರ್ಡರ್ ಕಾಲು ಕಟ್ಟಿದ ಹಂದಿಮರಿಯಂತೆ ಕಿರುಚುತ್ತಿತ್ತು.

ಇಷ್ಟೆಲ್ಲ ಬಡತನವನ್ನು ಕ್ಷಮಿಸಬಹುದು. ಕೀಲಿಮಣೆಯನ್ನು ಕ್ಷಮಿಸಲು ನನ್ನಿಂದಾಗಲಿಲ್ಲ. ಗುಂಡಿಗಳನ್ನು ಮಾಡುತ್ತಿದ್ದುದು ರಾಜಧಾನಿಯ ಒಂದು ಸರ್ಕಾರಿ ಕಾರ್ಖಾನೆ. ಅವರೂ ಶಾಲೆಗಳಿಗೆ ಕಂಪ್ಯೂಟರ್ ಮಾಡುತ್ತಿದ್ದರು, ನಮಗೆ ಗುಂಡಿ ಕೊಟ್ಟು ತಮ್ಮ ಕಾಲಿಗೆ ಕೊಡಲಿ ಹಾಕಿಕೊಳ್ಳುತ್ತಾರೆಯೇ? ಎರಡು ವರ್ಷ ಕಾಯಿರಿ ಅಂದರು. ಚೆಪ್ರೆಗಿ ಆ ಸುದ್ದಿ ಕೇಳಿ ಟೈ ಸರಿಮಾಡಿಕೊಂಡು, "ಗುಂಡಿ ಯಾಕ್ರೀ ಬೇಕು? ಅಲ್ಲಾಡೋ ಭಾಗಗಳೆಲ್ಲ ಹೊಲಿಗೆ ಯಂತ್ರದ ಕಾಲಕ್ಕೆ ಮುಗೀತು. ಮುಂದೆ ಬರೋದು ಬರೀ ಸ್ಪರ್ಶ," ಅಂದ.

"ಎಟುಕದ ದ್ರಾಕ್ಷಿ ಹುಳಿ," ಅಂದೆ.

"ನೀವು ನಗ್ತೀರಿ, ಎಟೆಲ್ಕಾ. ಮುಂದೆ ಎಲ್ಲ ಹೀಗೇ ಇರುತ್ತೆ."

"ಮುಂದೆ ನೀವೂ ಇರಲ್ಲ, ನಾನೂ ಇರಲ್ಲ. ಮಾರ್ಚಿಗೆ ಯಂತ್ರ ಬೇಕು."

ಅವನು ಮಾಡಿದ್ದು ಇಷ್ಟು. ಹಲಗೆಯ ಮೇಲೆ ಪ್ರತಿ ಅಕ್ಷರಕ್ಕೂ ಎರಡು ತಾಮ್ರದ ಬಾಚಣಿಗೆಗಳನ್ನು ಹಲ್ಲಿಗೆ ಹಲ್ಲು ಸೇರಿಸಿ, ಆದರೆ ಒಂದಕ್ಕೊಂದು ತಾಗದಂತೆ ಅಚ್ಚು ಹಾಕಿದ. ಮೇಲೆ ತೆಳುವಾಗಿ ತವರ. ಬೆರಳು ಇಟ್ಟರೆ ಚರ್ಮದ ಮೂಲಕ ಒಂದು ಬಾಚಣಿಗೆಯಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ವಿದ್ಯುತ್ ಹರಿಯುತ್ತದೆ, ಯಂತ್ರ ಅದನ್ನು ಮೂಸಿ ನೋಡಿ ಅಕ್ಷರವೆಂದು ತಿಳಿಯುತ್ತದೆ. ಎಷ್ಟು ಹರಿದರೆ ಬೆರಳು, ಎಷ್ಟಕ್ಕೆ ಬರೀ ಗಾಳಿಯ ತೇವ ಅಂತ ಗಡಿ ಹಾಕಬೇಕು. ಗಡಿ ಸಡಿಲವಾದರೆ ಯಾರೂ ಮುಟ್ಟದೆ ಅಕ್ಷರಗಳು ತಾವೇ ಮೂಡುತ್ತವೆ, ಬಿಗಿಯಾದರೆ ಮುಟ್ಟಿದರೂ ಮೂಡುವುದಿಲ್ಲ. ಆ ಗಡಿಯನ್ನು ಚೆಪ್ರೆಗಿ ನಮ್ಮ ಶೆಡ್ಡಿನಲ್ಲೇ ಕೂತು, ನಮ್ಮ ಹೆಂಗಸರ ಬೆರಳುಗಳನ್ನೇ ಕೇಳಿ ಹಾಕಿದ. "ದುಡಿಯೋ ಜನರ ಕೈಯಿಂದ ಪರೀಕ್ಷೆಯಾದ ಯಂತ್ರ" ಅಂತ ಅಂಬ್ರುಶ್ ಗೋಡೆಗೆ ಒಂದು ಬಟ್ಟೆಯ ಫಲಕ ಬೇರೆ ತೂಗುಹಾಕಿಸಿದ. ಹೆಂಗಸರು ಬೆಳಿಗ್ಗೆಯೆಲ್ಲ ಪೀಪಾಯಿಗಳ ಹತ್ತಿರ, ಮಧ್ಯಾಹ್ನ ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಬೆಸುಗೆಯ ಮೇಜಿನ ಹತ್ತಿರ. ಯಂತ್ರ ಅವರೆಲ್ಲರ ಮಾತನ್ನೂ ಕೇಳುತ್ತಿತ್ತು. ನನ್ನ ಮಾತನ್ನೂ, ಕೆಲಸದ ನಡುವೆ ಪೀಪಾಯಿಗೆ ಕೈ ಹಾಕಿ ಸೌತೆಕಾಯಿ ತೆಗೆದು ತಿನ್ನುವುದು ನನ್ನ ಚಟ.

ಈಗ ನನ್ನ ಕೆಲಸದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಆ ಇಡೀ ದರಿದ್ರ ಡಬ್ಬದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಯಂತ್ರದೊಳಗೆ ಅಳಿಸಲಾಗದ ಒಂದು ಚಿಪ್ ಇರುತ್ತದೆ. ವಿದ್ಯುತ್ ಕೊಟ್ಟ ಕೂಡಲೇ ಅದು ಎದ್ದು, ನೀವು ಬರೆದದ್ದನ್ನು ಓದಿ, ಹೇಳಿದ್ದನ್ನು ಮಾಡುತ್ತದೆ. ತಪ್ಪು ಬರೆದರೆ ತಪ್ಪು ಅನ್ನುತ್ತದೆ. ಇಂಗ್ಲಿಷರ ಯಂತ್ರ ಇಂಗ್ಲಿಷಿನಲ್ಲಿ ಒಂದು ಮಾತು ಉಗುಳಿ ಸುಮ್ಮನಾಗುತ್ತಿತ್ತು. ಸರ್ಕಾರಿ ಕಾರ್ಖಾನೆಯದು ಬರೀ "ದೋಷ 14" ಅನ್ನುತ್ತಿತ್ತು. ನಾನು ಶಾಲೆಯಲ್ಲಿದ್ದಾಗ ನಮ್ಮ ಗಣಿತದ ಮೇಷ್ಟರೂ ಹಾಗೇ ಇದ್ದರು. ತಪ್ಪು ಮಾಡಿದರೆ ಏನು ತಪ್ಪು ಅಂತ ಹೇಳುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು.

ನನ್ನ ರಿಗೋ ಹಾಗೆ ಮಾಡಬಾರದಿತ್ತು. ತಪ್ಪು ಬರೆದರೆ ಅದು, "ನನಗೆ ಅರ್ಥವಾಗಲಿಲ್ಲ. ಬೇರೆ ಥರ ಹೇಳಿ ನೋಡು," ಅನ್ನುತ್ತಿತ್ತು. ಸೊನ್ನೆಯಿಂದ ಭಾಗಿಸಲು ಹೇಳಿದರೆ, "ಇದು ನನಗೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ," ಅನ್ನುತ್ತಿತ್ತು. ನೆನಪು ತುಂಬಿದರೆ, "ನನ್ನ ತಲೆ ತುಂಬಿತು. ಏನಾದರೂ ಸ್ವಲ್ಪ ಅಳಿಸು," ಅನ್ನುತ್ತಿತ್ತು. ನಾನು ಯಾರಿಗೂ ಒಂದು ಒಳ್ಳೆಯ ಮಾತು ಆಡಿದವಳಲ್ಲ, ಬೇಕಾದರೆ ನಾದ್‌ಕೂತಿನಲ್ಲಿ ಯಾರನ್ನಾದರೂ ಕೇಳಿ. ಆ ಮಾತುಗಳನ್ನು ಆ ಚಿಪ್ಪಿನ ಕೊನೆಯ ಮೂಲೆಯಲ್ಲಿ ತುರುಕಲು ನಾನು ಪ್ರೋಗ್ರಾಮಿನ ಉಳಿದ ಭಾಗವನ್ನೆಲ್ಲ ಹಿಂಡಿ ಹಿಪ್ಪೆ ಮಾಡಿದ್ದೆ.

ಚೆಪ್ರೆಗಿಗೆ ಅದು ದಂಡ ಅನ್ನಿಸುತ್ತಿತ್ತು. ವಾರಕ್ಕೊಮ್ಮೆ ಬಂದು, "ಆ ಹರಟೆ ತೆಗೆದ್ರೆ ವರ್ಗಮೂಲ ಹಾಕಬಹುದು ಕಣ್ರೀ. ವರ್ಗಮೂಲ ಇಲ್ದಿರೋ ಕಂಪ್ಯೂಟರ್ ಅಂದ್ರೆ ನಾಚಿಕೆಗೇಡು," ಅನ್ನುತ್ತಿದ್ದ.

"ಗುಂಡಿ ಇಲ್ದಿರೋ ಕಂಪ್ಯೂಟರ್ ಮಾಡಿದೋರು ನಾಚಿಕೆ ಬಗ್ಗೆ ಮಾತಾಡ್ಬಾರ್ದು," ಅನ್ನುತ್ತಿದ್ದೆ. "ಬುಡಾಪೆಸ್ಟಿನೋರು ನಿಮ್ಮನ್ನ ಯಾಕೆ ಓಡಿಸಿದ್ರು ಅಂತ ನಂಗೆ ದಿನಾ ಒಂದೊಂದು ಕಾರಣ ಗೊತ್ತಾಗ್ತಿದೆ." ಹೆಂಗಸರು ನಗುತ್ತಿದ್ದರು. ಅವನು ಟೈ ಮುಟ್ಟಿಕೊಂಡು ಹೋಗುತ್ತಿದ್ದ.

ಡಿಸೆಂಬರಿನಲ್ಲಿ ಸಚಿವಾಲಯದ ಸಮಿತಿ ಬಂತು. ಶಾಲೆಗಳಿಗೆ ಯಾವ ಕಂಪ್ಯೂಟರ್ ಕೊಳ್ಳಬೇಕು, ನಮ್ಮದೋ ಸರ್ಕಾರಿ ಕಾರ್ಖಾನೆಯದೋ ಎಂದು ಅವತ್ತೇ ತೀರ್ಮಾನವಾಗಬೇಕು. ಸಹಿ ಬಿದ್ದರೆ ನನ್ನ ಪ್ರೋಗ್ರಾಂ ಸಾವಿರಾರು ಚಿಪ್ಪುಗಳಲ್ಲಿ ಅಚ್ಚಾಗಿ ದೇಶದ ಎಲ್ಲ ಶಾಲೆಗಳಿಗೂ ಹೋಗುತ್ತದೆ. ಬೀಳದಿದ್ದರೆ ಮಕ್ಕಳಿಗೆ "ದೋಷ 14".

ಸಮಿತಿಯ ಮುಖ್ಯಸ್ಥ ಇಲಾಖೆಯ ದೊಡ್ಡ ಅಧಿಕಾರಿ ಸಿಲ್ವಾಶಿ. ತುಪ್ಪಳದ ಟೋಪಿ, ಗುಲಾಬಿ ಕೆನ್ನೆ, ಪ್ರತಿ ಮಾತಿಗೂ ಮೊದಲು ನಿಟ್ಟುಸಿರು. ಜೊತೆಗೆ ಇಬ್ಬರು ಭೌತಶಾಸ್ತ್ರದ ಮೇಷ್ಟರು, ಕೋಟಿನ ತೋಳಿನಲ್ಲಿ ಸೀಮೆಸುಣ್ಣದ ಗುರುತು. ಅಂಬ್ರುಶ್ ಭಾಷಣ ಬಿಗಿದ. ಸಂಘ, ಜನತೆ, ತಂತ್ರಜ್ಞಾನ, ಹಂದಿಯ ತೂಕ, ಎಲ್ಲ ಬಂತು. ಕೊನೆಗೆ ರಿಗೋ ಮುಂದೆ ಸಿಲ್ವಾಶಿಯನ್ನು ಕೂರಿಸಿದ.

ಸಿಲ್ವಾಶಿ ಕೈಗವಸು ತೆಗೆದು ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟ. ಏನೂ ಆಗಲಿಲ್ಲ. ಒತ್ತಿದ. ಏನೂ ಆಗಲಿಲ್ಲ. ಬಾಗಿಲು ಬಡಿಯುವ ಹಾಗೆ ಬಡಿದ.

"ಅಷ್ಟು ಜೋರು ಬೇಡ ಕಾಮ್ರೇಡ್," ಅಂದಳು ಪೀಪಾಯಿಗಳ ಮೇಸ್ತ್ರಿ ಬೋರ್ಚಾ. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. "ಹಸೀನ ಕೆಚ್ಚಲಿಗೆ ಕೈ ಹಾಕ್ದಂಗೆ ಹಾಕಿ. ಹಿಂಗೆ." ಅವಳು ಕೈ ಚಾಚಿ ಮುಟ್ಟಿದಳು. ಅಕ್ಷರ ಪಟ್ಟನೆ ಮೂಡಿತು.

ಸಿಲ್ವಾಶಿ ಹಾಗೇ ಮುಟ್ಟಿದ. ಇಲ್ಲ. ಒಬ್ಬ ಮೇಷ್ಟರು ಮುಟ್ಟಿದರು. ಇಲ್ಲ. ಇನ್ನೊಬ್ಬರು. ಇಲ್ಲ. ನಾನು ಮುಟ್ಟಿದರೆ ಮೂಡಿತು. ಅಂಬ್ರುಶ್ ಮುಟ್ಟಿದರೂ ಮೂಡಿತು, ಆ ಮಹಾರಾಯ ಬೆಳಗಿನಿಂದ ಅತಿಥಿಗಳ ಊಟಕ್ಕೆ ಪೀಪಾಯಿಗಳ ರುಚಿ ನೋಡುತ್ತ ಓಡಾಡಿದ್ದ.

"ಕಾಮ್ರೇಡ್‌ಗಳಿಗೆ ಇನ್ನೂ ಅಭ್ಯಾಸ ಇಲ್ಲ, ಅಷ್ಟೇ," ಅಂದ ಚೆಪ್ರೆಗಿ.

"ಮುಟ್ಟೋದಕ್ಕೂ ಅಭ್ಯಾಸ ಬೇಕಾ?" ಸಿಲ್ವಾಶಿ ನಿಟ್ಟುಸಿರಿಟ್ಟ. "ಅಂದ್ರೆ ಇದು ರೈತರ ಮಾತು ಮಾತ್ರ ಕೇಳೋ ಯಂತ್ರ. ಹಾಗಾದ್ರೆ ದನದ ಕೊಟ್ಟಿಗೆಗೆ ಕೊಡಿ, ಶಾಲೆಗೆ ಯಾಕೆ?"

ಮೇಷ್ಟರುಗಳು ನಕ್ಕರು. ಅಧಿಕಾರಿ ನಕ್ಕಾಗ ನಗುವ ಮೇಷ್ಟರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ. ಆದರೆ ಅವತ್ತು ಅಸಹ್ಯಪಡುವುದಕ್ಕೂ ಪುರುಸೊತ್ತಿರಲಿಲ್ಲ.

ಅಂಬ್ರುಶ್ ಒಬ್ಬನೇ ಸೋಲಲಿಲ್ಲ. ಅವನಿಗೆ ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಅಧಿಕಾರಿಗಳು ಗೊತ್ತು. "ಹಸಿದ ಹೊಟ್ಟೇಲಿ ಯಾವ ಯಂತ್ರ ತಾನೇ ಮಾತು ಕೇಳುತ್ತೆ ಹೇಳಿ! ಊಟಕ್ಕೆ ಏಳಿ, ಏಳಿ, ಬೆಳಿಗ್ಗೆ ತಾನೇ ಹಂದಿ ಕೊಯ್ಸಿದೀನಿ."

ಪಕ್ಕದ ಕೋಣೆಯಲ್ಲಿ ಮೇಜು ಸಿದ್ಧವಾಗಿತ್ತು. ಬಿಸಿ ರಕ್ತದ ಸಾಸೇಜು, ಹುರಿದ ಯಕೃತ್ತು, ಕೆಂಪು ಮೆಣಸಿನ ಪುಡಿ, ಪ್ಲಮ್ ಹಣ್ಣಿನಿಂದ ಇಳಿಸಿದ ಪಾಲಿಂಕಾ ಸಾರಾಯಿ. ನಮ್ಮ ನಾದ್‌ಕೂತಿನಲ್ಲಿ ಒಂದು ಪದ್ಧತಿ ಇದೆ. ಹಂದಿ ಕೊಯ್ದ ದಿನ ಅತಿಥಿಯ ತಟ್ಟೆಗೆ ಯಾರೂ ಸೌತೆಕಾಯಿ ಬಡಿಸುವುದಿಲ್ಲ. ಅತಿಥಿಯೇ ತೋಳು ಮಡಚಿ ಪೀಪಾಯಿಯೊಳಗೆ ಕೈ ಇಳಿಸಿ, ತನ್ನ ಸೌತೆಕಾಯಿಯನ್ನು ತಾನೇ ಹಿಡಿಯಬೇಕು. ದೊಡ್ಡದು ಸಿಕ್ಕರೆ ಗದ್ದಲ, ಸಣ್ಣದು ಸಿಕ್ಕರೆ ಇನ್ನೊಂದು ಲೋಟ ಪಾಲಿಂಕಾ. ಸಿಲ್ವಾಶಿ ಮೊದಲು ಮೂಗು ಮುರಿದ. ಎರಡನೆಯ ಲೋಟದ ನಂತರ ಮೊಣಕೈವರೆಗೂ ಪೀಪಾಯಿಯೊಳಗಿದ್ದ.

"ಸಿಕ್ತು ಕಣ್ರೋ, ಸಿಕ್ತು!" ಅಂತ ಕೂಗಿದ. ಇಲಾಖೆಯಲ್ಲಿ ಅವನು ಯಾವುದಕ್ಕೂ ಅಷ್ಟು ಖುಷಿಪಟ್ಟಿರಲಾರ. ಮೇಷ್ಟರುಗಳೂ ಇಳಿದರು. ಎಲ್ಲರೂ ಕಾಗದದ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಹೊಟ್ಟೆ ಸವರಿಕೊಳ್ಳುತ್ತ ಮತ್ತೆ ಶೆಡ್ಡಿಗೆ ಬಂದರು. ಸಿಲ್ವಾಶಿ ತಮಾಷೆಗೆ ರಿಗೋದ ಮೇಲೆ ಒಂದು ಬೆರಳಿಟ್ಟ.

ಅಕ್ಷರ ಮೂಡಿತು.

"ಅರೆ!" ಅಂದ. ಇನ್ನೊಂದು ಮುಟ್ಟಿದ. ಮೂಡಿತು. ಆಮೇಲೆ ಮಗುವಿನಂತೆ ಐದೂ ಬೆರಳಿನಿಂದ ತಾಳಬದ್ಧವಾಗಿ ಕುಟ್ಟಿದ. ತೆರೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ಕೆಳಗೆ ರಿಗೋ ಹೇಳಿತು: ನನಗೆ ಅರ್ಥವಾಗಲಿಲ್ಲ. ಬೇರೆ ಥರ ಹೇಳಿ ನೋಡು.

ಸಿಲ್ವಾಶಿ ಗಹಗಹಿಸಿ ನಕ್ಕ. ಹಿರಿಯ ಮೇಷ್ಟರು ಮುಂದೆ ಬಾಗಿ ಐದನ್ನು ಸೊನ್ನೆಯಿಂದ ಭಾಗಿಸಲು ಹೇಳಿದರು. ಬಂದ ಉತ್ತರವನ್ನು ಎರಡು ಸಲ ಓದಿದರು. "ನಾನು ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಹೀಗೆ ಹೇಳಿಲ್ಲ," ಅಂದರು, ಯಾರಿಗೆಂದು ಗೊತ್ತಾಗಲಿಲ್ಲ.

"ಒಳ್ಳೇ ಯಂತ್ರ," ಅಂದ ಸಿಲ್ವಾಶಿ. "ಊಟ ಆದ್ಮೇಲೆ ಇದಕ್ಕೂ ಬುದ್ಧಿ ಬಂತು." ಒಳಜೇಬಿನಿಂದ ಪೆನ್ನು ತೆಗೆದ. ಅಂಬ್ರುಶ್ ಕಾಗದ ಹಿಡಿದು ಬಾಗಿ ನಿಂತಿದ್ದ.

ಆಗ ನಾನು ಸಿಲ್ವಾಶಿಯ ಕೈ ನೋಡಿದೆ. ಕರವಸ್ತ್ರದಲ್ಲಿ ಎಷ್ಟು ಒರೆಸಿದರೂ ಉಪ್ಪು ಹೋಗುವುದಿಲ್ಲ, ಬೆರಳಿನ ಗೆರೆಗಳಲ್ಲಿ ಇನ್ನೂ ಮಿನುಗುತ್ತಿತ್ತು. ಚೆಪ್ರೆಗಿಯೂ ಅದನ್ನೇ ನೋಡುತ್ತಿದ್ದ. ಅವನ ಮುಖ ಹಾಲೊಡೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆದಿತ್ತು. ಆ ಮೂರ್ಖ ಗಡಿ ಹಾಕಿದ್ದು ದುಡಿಯುವ ಜನರ ಬೆರಳಿಗಲ್ಲ, ಅವರ ಬೆರಳಿನ ಮೇಲಿದ್ದ ಉಪ್ಪುನೀರಿಗೆ. ಎರಡು ಚಳಿಗಾಲ ಒಂದು ಒಣ ಕೈಯೂ ಆ ಯಂತ್ರವನ್ನು ಮುಟ್ಟಿರಲಿಲ್ಲ. ಅವನು ನನ್ನ ಕಡೆ ನೋಡಿ ತಲೆಯನ್ನು ಬಹಳ ಮೆಲ್ಲಗೆ ಅಡ್ಡಡ್ಡ ಆಡಿಸಿದ. ಬೇಡ, ಹೇಳಬೇಡ.

ಹೇಳದಿದ್ದರೆ ನನ್ನ ಪ್ರೋಗ್ರಾಂ ಎಲ್ಲ ಶಾಲೆಗೂ ಹೋಗುತ್ತಿತ್ತು. ಹೋಗಿ ಏನು ಮಾಡುತ್ತಿತ್ತು? ಒಲೆ ಉರಿಯುವ ಒಣ ಕೋಣೆ, ಸೀಮೆಸುಣ್ಣದ ಪುಡಿ ಮೆತ್ತಿದ ಕೈ, ಮಗು ತನ್ನ ಹೆಸರಿನ ಮೊದಲ ಅಕ್ಷರ ಮುಟ್ಟುತ್ತದೆ. ಏನೂ ಆಗುವುದಿಲ್ಲ. ಇನ್ನೊಮ್ಮೆ ಮುಟ್ಟುತ್ತದೆ. ಪಕ್ಕದ ಮಗು ಕೈ ಬೆವರಿದ್ದರಿಂದ ಬರೆಯುತ್ತಿರುತ್ತದೆ. ಯಂತ್ರ ಕೆಟ್ಟಿದೆ ಅಂತ ಮಕ್ಕಳಿಗೆ ಹೊಳೆಯುವುದಿಲ್ಲ, ತಾವೇ ಕೆಟ್ಟಿದ್ದೇವೆ ಅಂದುಕೊಳ್ಳುತ್ತವೆ. ನನ್ನ ರಿಗೋ ಅಷ್ಟೆಲ್ಲ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಆ ಮಗುವಿನ ಮುಂದೆ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತದೆ. ನನಗೆ ಅದನ್ನು ಸಹಿಸಲಾಗಲಿಲ್ಲ.

"ಕಾಮ್ರೇಡ್ ಸಿಲ್ವಾಶಿ, ಸಹಿ ಮಾಡೋಕೆ ಮುಂಚೆ ಕೈ ತೊಳ್ಕೊಂಡು ಬನ್ನಿ," ಅಂದೆ.

"ಏನಂದ್ರಿ?"

"ಸೋಪು ಹಾಕಿ ತೊಳೀರಿ. ಚೆನ್ನಾಗಿ ಒರೆಸ್ಕೊಳ್ಳಿ. ಆಮೇಲೆ ಮುಟ್ಟಿ ನೋಡಿ."

ಅಂಬ್ರುಶ್ ಹಿಂದಿನಿಂದ ನನ್ನ ತೋಳನ್ನು ಚಿವುಟಿದ. "ಲೇ, ತಲೆ ಕೆಟ್ಟಿದ್ಯೇನೇ ನಿಂಗೆ?" ಅಂತ ಪಿಸುಗುಟ್ಟಿದ. ಆದರೆ ಅಧಿಕಾರಿಗಳಿಗೆ ಒಂದು ಸಂಶಯ ಹುಟ್ಟಿತೆಂದರೆ ಅದನ್ನು ಕೊಲ್ಲಲು ಪಾಲಿಂಕಾದಿಂದಲೂ ಆಗುವುದಿಲ್ಲ. ಸಿಲ್ವಾಶಿ ಹೋದ, ತೊಳೆದ, ಒಲೆಯ ಮೇಲೆ ಒಣಗುತ್ತಿದ್ದ ಬಿಸಿ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಬಂದು ಮುಟ್ಟಿದ.

ಏನೂ ಆಗಲಿಲ್ಲ.

ಸಿಲ್ವಾಶಿಯ ಕೆನ್ನೆಯ ಗುಲಾಬಿ ಕಿವಿಗೆ ಹತ್ತಿತು. "ಅಂದ್ರೆ ನನ್ನ ಕೈನ ಉದ್ದೇಶಪೂರ್ವಕವಾಗಿ ಉಪ್ಪಿನ ಪೀಪಾಯಿಗೆ ಹಾಕಿಸಿದ್ರಿ? ಇಲಾಖೆ ಮುಖ್ಯಸ್ಥನ ಕೈನ?"

"ಅಯ್ಯೋ ದೇವ್ರೇ, ಅದು ನಮ್ಮ ಪದ್ಧತಿ!" ಅಂದ ಅಂಬ್ರುಶ್. ಕಾಮ್ರೇಡ್‌ಗಳ ಮುಂದೆ ದೇವರನ್ನು ಕರೆದದ್ದು ಅವನಿಗೂ ಗೊತ್ತಾಗಲಿಲ್ಲ.

ಚೆಪ್ರೆಗಿ ಎದ್ದು ನಿಂತ. ಗಡಿ ಹಾಕುವಾಗ ತಾನು ಎಡವಿದ್ದಾಗಿ, ಒಂದು ಬಿಡಿಭಾಗ ಬದಲಾಯಿಸಿದರೆ ಒಣ ಬೆರಳಿಗೂ ಕೆಲಸ ಮಾಡುವುದಾಗಿ, ಫೆಬ್ರವರಿಯೊಳಗೆ ಸರಿಯಾಗುವುದಾಗಿ ತೊದಲುತ್ತ ಹೇಳಿದ. ಅದು ನಿಜವೇ ಆಗಿತ್ತು. ಸಿಲ್ವಾಶಿ ಕೇಳಿಸಿಕೊಳ್ಳುತ್ತಿರಲಿಲ್ಲ, ಅವನ ಮನಸ್ಸು ಬೇರೆ ಕಡೆ ಓಡುತ್ತಿತ್ತು. ಅದು ಎಲ್ಲಿ ಓಡುತ್ತಿತ್ತೆಂದು ನನಗೂ ಗೊತ್ತಿತ್ತು, ಅಂಬ್ರುಶನಿಗೂ ಗೊತ್ತಿತ್ತು. ಸರ್ಕಾರಿ ಕಾರ್ಖಾನೆಯ ಯಂತ್ರ ಇನ್ನೂ ಡಬ್ಬಕ್ಕೇ ಬಂದಿಲ್ಲ ಅಂತ ಊರಿಗೆಲ್ಲ ಗೊತ್ತು, ವರ್ಷ ಮುಗಿಯುವುದರೊಳಗೆ ಖರ್ಚಾಗದ ಹಣ ಮುಂದಿನ ವರ್ಷ ಇಲಾಖೆಗೆ ಸಿಗುವುದಿಲ್ಲ. ಕೆಟ್ಟ ಯಂತ್ರ ಕೊಂಡವನನ್ನು ಯಾರೂ ಕೇಳುವುದಿಲ್ಲ, ಹಣ ಉಳಿಸಿದವನ ಕುರ್ಚಿ ಹೋಗುತ್ತದೆ.

"ಫೆಬ್ರವರಿ ಅಂದ್ರೆ ಫೆಬ್ರವರಿ," ಅಂದ ಕೊನೆಗೆ. ಅಂಬ್ರುಶ್ ಉಸಿರು ಬಿಟ್ಟ. ಆದರೆ ಸಿಲ್ವಾಶಿಯಂಥವರು ನಗೆಪಾಟಲಾದ ಮೇಲೆ ಯಾರನ್ನಾದರೂ ತುಳಿಯದೆ ಮನೆಗೆ ಹೋಗುವುದಿಲ್ಲ. ಅವನು ಸುತ್ತ ನೋಡಿದ, ನನ್ನ ಮೇಲೆ ಕಣ್ಣು ನಿಲ್ಲಿಸಿದ. "ಇನ್ನೊಂದು ಮಾತು. ಆ ಹರಟೆ ತೆಗೀರಿ. ಅರ್ಥವಾಗಲಿಲ್ವಂತೆ, ಬೇರೆ ಥರ ಹೇಳ್ಬೇಕಂತೆ! ತಪ್ಪು ಮಾಡಿದ ಹುಡುಗನಿಗೆ ಅವನ ತಪ್ಪಿಗೊಂದು ಸಂಖ್ಯೆ ಕೊಟ್ರೆ ಸಾಕು. ಮುದ್ದು ಮಾಡೋಕೆ ಮನೇಲಿ ಅಮ್ಮ ಇದಾಳೆ. ಬರೆದಿದ್ದು ನೀವೇ ತಾನೇ?"

"ನಾನೇ."

"ಅನ್ಕೊಂಡೆ."

"ತಕ್ಷಣ ತೆಗೀತಾರೆ!" ಅಂದ ಅಂಬ್ರುಶ್. ಹಿರಿಯ ಮೇಷ್ಟರು ತಮ್ಮ ಬೂಟು ನೋಡತೊಡಗಿದರು.

"ತೆಗೆಯೋಕಾಗಲ್ಲ," ಅಂದೆ ನಾನು.

"ಯಾಕಾಗಲ್ಲ?"

"ಜಾಗ ಇಲ್ಲ ಅಂತ ಒಂದೇ ಅಕ್ಷರವನ್ನ ಎರಡೆರಡು ಕೆಲ್ಸಕ್ಕೆ ಹಚ್ಚಿದೀನಿ. ಲೆಕ್ಕ ಮಾಡೋ ಕೋಷ್ಟಕಗಳು ಆ ಮಾತುಗಳ ಒಳಗೇ ಕೂತಿವೆ. ಮಾತು ಕಿತ್ತರೆ ಯಂತ್ರಕ್ಕೆ ಕೂಡೋದು ಕಳೆಯೋದು ಮರೆತುಹೋಗುತ್ತೆ."

ಹಸಿ ಸುಳ್ಳು. ನನಗೆ ಅದರ ಬಗ್ಗೆ ಇವತ್ತಿಗೂ ಸಂಕೋಚವಿಲ್ಲ. ಆ ಮಾತುಗಳು ಚಿಪ್ಪಿನ ಕಟ್ಟಕಡೆಯಲ್ಲಿ ತಮ್ಮಷ್ಟಕ್ಕೆ ತಾವಿದ್ದವು, ಬಟ್ಟೆಯ ಅಂಚು ಕತ್ತರಿಸಿದ ಹಾಗೆ ಕತ್ತರಿಸಬಹುದಿತ್ತು. ಆ ಶೆಡ್ಡಿನಲ್ಲಿ ಅದು ಗೊತ್ತಿದ್ದ ಇನ್ನೊಬ್ಬ ಮನುಷ್ಯ ಒಬ್ಬನೇ. ಸಿಲ್ವಾಶಿ ದಡ್ಡನಲ್ಲ, ಅವನು ನೇರವಾಗಿ ಆ ಮನುಷ್ಯನ ಕಡೆ ತಿರುಗಿದ.

"ಹೌದೇನ್ರೀ, ಎಂಜಿನಿಯರ್?"

ಚೆಪ್ರೆಗಿ ನನ್ನನ್ನು ನೋಡಿದ. ಕಾಲು ಗಂಟೆ ಹಿಂದೆ ಎಲ್ಲರೆದುರು ಅವನ ಕೀಲಿಮಣೆಯ ಮಾನ ಕಳೆದಿದ್ದವಳು ನಾನು. ಇಲ್ಲ ಅಂತ ಒಂದು ಮಾತು ಅಂದಿದ್ದರೆ ಅವನಿಗೆ ಅವನ ವರ್ಗಮೂಲವೂ ಸಿಗುತ್ತಿತ್ತು, ನನ್ನ ಬಾಯಿಯೂ ಮುಚ್ಚುತ್ತಿತ್ತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ.

"ಹೌದು ಕಾಮ್ರೇಡ್," ಅಂದ ಚೆಪ್ರೆಗಿ. "ಹಾಗೇ ಇದೆ. ಹಾಗೆ ಮಾಡಿ ಅಂತ ನಾನೇ ಹೇಳಿದ್ದು. ನೆನಪಿನ ಜಾಗ ಎಷ್ಟು ಬೇಕು ಅಂತ ಮೊದಲೇ ಸರಿಯಾಗಿ ಲೆಕ್ಕ ಹಾಕ್ಲಿಲ್ಲ. ನನ್ನ ವಿನ್ಯಾಸದ ದೋಷ."

ಸಿಲ್ವಾಶಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಮುಖದಲ್ಲಿ ನಗು ಹರಡಿತು, ತುಳಿಯಲು ಮೆತ್ತಗಿನದು ಸಿಕ್ಕಿತ್ತು. "ಗುಂಡಿ ಇಲ್ಲ. ಜಾಗ ಇಲ್ಲ. ಲೆಕ್ಕ ಬರಲ್ಲ. ಟೈ ಮಾತ್ರ ಇದೆ! ನಿಮ್ಮನ್ನ ಬುಡಾಪೆಸ್ಟಿನೋರು ಯಾಕೆ ಓಡಿಸಿದ್ರು ಅಂತ ಇವತ್ತು ಗೊತ್ತಾಯ್ತು ಬಿಡಿ."

ಮೇಷ್ಟರುಗಳು ನಕ್ಕರು. ಅಂಬ್ರುಶ್ ಎಲ್ಲರಿಗಿಂತ ಜೋರಾಗಿ ನಕ್ಕ. ಹೆಂಗಸರೂ ನಕ್ಕರು, ಆ ಮಾತಿಗೆ ನಗುವುದನ್ನು ಅವರಿಗೆ ಕಲಿಸಿದ್ದು ನಾನೇ. ಅದೇ ಮಾತು ಸಿಲ್ವಾಶಿಯ ಬಾಯಿಂದ ಬಂದಾಗ ನನಗೆ ಮೈಯೆಲ್ಲ ಉರಿಯಿತು. ಅವನ ಗುಲಾಬಿ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ, ಇವನಿಗೆ ಲೆಕ್ಕ ಬರುತ್ತದೆ, ನಿನ್ನ ಇಡೀ ಇಲಾಖೆಗಿಂತ ಚೆನ್ನಾಗಿ ಬರುತ್ತದೆ ಅಂತ ಕೂಗಬೇಕೆನ್ನಿಸಿತು. ಕೂಗಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು.

ಸಿಲ್ವಾಶಿ ಇನ್ನೂ ನಗುತ್ತಲೇ ಪೆನ್ನಿನ ಮುಚ್ಚಳ ತೆಗೆದ. ಚೆಪ್ರೆಗಿ ಹುಡುಗನ ಹಾಗೆ ಕೈ ಕಟ್ಟಿ ನಿಂತಿದ್ದ. ಸಹಿ ನಿಧಾನವಾಗಿ, ಅಂಕುಡೊಂಕಾಗಿ ಇಳಿಯಿತು. ಅದರ ಶಾಯಿ ಒಣಗುವ ತನಕ ಚೆಪ್ರೆಗಿ ತಲೆ ಎತ್ತಲಿಲ್ಲ, ನಾನು ಬಾಯಿ ತೆರೆಯಲಿಲ್ಲ.